ನೋಡಿದವರಿಗೆಲ್ಲ ಒಂದು ತುತ್ತು

ನನ್ನ ಹೆಂಡತಿ ಅಂಬವ್ವ ಊಟ ಮಾಡುವಾಗ ಎದುರಿಗೆ ಯಾರೂ ಸುಮ್ಮನೆ ನೋಡುತ್ತ ಕೂರುವಂತಿಲ್ಲ. ನೋಡಿದವರಿಗೆ ಒಂದು ತುತ್ತು ಕೊಡಲೇಬೇಕು. ಕೊಡದಿದ್ದರೆ ಆ ಅನ್ನಕ್ಕೆ ನೆದರು ತಾಗುತ್ತದೆ, ತಿಂದವರಿಗೆ ಹೊಟ್ಟೆನೋವು ಬರುತ್ತದೆ, ಮಾಡಿದವರ ಕೈ ಕೆಡುತ್ತದೆ. ಬೇರೆ ಕಡೆಯವರು ದೃಷ್ಟಿ ಅನ್ನುವುದಕ್ಕೆ ನಮ್ಮ ವಿಜಯಪುರದ ಕಡೆ ನೆದರು ಅನ್ನುತ್ತೇವೆ. ಒಮ್ಮೆ ಮುಂಬೈಯಲ್ಲಿ ಅವಳು ಮುಲುಂಡಿನಿಂದ ದಾದರಿಗೆ ಹೊರಟವಳು ಲೋಕಲ್ ರೈಲಿನ ಲೇಡೀಸ್ ಡಬ್ಬಾದಲ್ಲಿ ಬುತ್ತಿ ಬಿಚ್ಚಿ, ಕಣ್ಣು ಹಾಯಿಸಿದವರಿಗೆಲ್ಲ ರೊಟ್ಟಿ ಮುರಿದು ಕೊಟ್ಟು, ಘಾಟ್ಕೋಪರ್ ಬರುವಷ್ಟರಲ್ಲಿ ಖಾಲಿ ಬಟ್ಟೆ ಕೊಡವುತ್ತ ಕೂತಿದ್ದಳಂತೆ. ಅವತ್ತು ನಾನು ಬಿದ್ದು ಬಿದ್ದು ನಕ್ಕಿದ್ದೆ. ಈಗ ನಗು ಬರುವುದಿಲ್ಲ.

ನಮ್ಮದು ಮುಲುಂಡಿನ ಒಂದು ಹಳೆಯ ಹೌಸಿಂಗ್ ಸೊಸೈಟಿಯ ನೆಲಮಹಡಿಯಲ್ಲಿ ರಸ್ತೆಗೆ ತೆರೆದುಕೊಂಡ ಖೋಲಿ. ಹೊರಗೆ ‘ಅಂಬವ್ವ ರೊಟ್ಟಿ-ಭಾಜಿ ಕೇಂದ್ರ’ ಎಂಬ ಬೋರ್ಡು, ಒಳಗೆ ಹಂಚಿನ ಮುಂದೆ ಅಂಬವ್ವ. ನಾನು ಶಿವಪುತ್ರಪ್ಪ, ಸಾಗಣೆ ಕಂಪನಿಯೊಂದರಲ್ಲಿ ಗುಮಾಸ್ತಿಕೆ ಮುಗಿಸಿ ಬಂದವನು. ಈಗ ರೊಟ್ಟಿ ಕಟ್ಟುವವನು, ಮನೆಮನೆಗೆ ಮುಟ್ಟಿಸುವವನು, ತಡವಾದರೆ ಬೈಸಿಕೊಳ್ಳುವವನು. ಮರಾಠಿ ಗಿರಾಕಿಗಳು ಭಾಕ್ರಿ ಕೊಡಿ ಅನ್ನುತ್ತಾರೆ, ಜಿಮ್‌ನಿಂದ ಬಂದವರು ಡಯಟ್ ರೋಟಿ ಕೊಡಿ ಅನ್ನುತ್ತಾರೆ. ಯಾರು ಏನಂದರೂ ಅವಳು ಅದೇ ಜೋಳದ ರೊಟ್ಟಿ ಬಡಿದು ಕೊಡುತ್ತಾಳೆ. ಅವಳ ಕೈ ಸಪ್ಪಳ ಕೇಳಿಯೇ ಮೇಲಿನ ಮಾಳಿಗೆಯವರು ಬೆಳಗಾಯಿತೆಂದು ಏಳುತ್ತಾರೆ.

ಮಗ ಶರಣ ಮತ್ತು ಸೊಸೆ ನೇತ್ರಾ ಅದೇ ಬಿಲ್ಡಿಂಗಿನ ಮೂರನೇ ಮಾಳಿಗೆಯಲ್ಲಿದ್ದಾರೆ. ಶರಣ ಬ್ಯಾಂಕಿಗೆ ಹೊರಡುವ ಮುಂಚೆ ಕೆಳಗೆ ಬಂದು ಉಂಡು ಹೋಗುತ್ತಾನೆ. ನೇತ್ರಾ ಉಣ್ಣುವುದಿಲ್ಲ, ಅವಳದು ಡಯಟ್. ಅವಳ ತಂದೆ-ತಾಯಿ ಧಾರವಾಡದ ಕಡೆಯವರು, ಆದರೆ ಅವಳು ಹುಟ್ಟಿ ಬೆಳೆದದ್ದು ಮುಂಬೈಯದೇ ಆಂಟಾಪ್ ಹಿಲ್ಲಿನ ಕಾಲೊನಿಯಲ್ಲಿ. ಕನ್ನಡ ಪೂರ್ತಿ ತಿಳಿಯುತ್ತದೆ, ಮಾತಾಡುವಾಗ ಮಾತ್ರ ಅರ್ಧ ದಾರಿಯಲ್ಲಿ ಹಿಂದಿ ಹತ್ತಿಬಿಡುತ್ತಾಳೆ. ಮದುವೆಯಾಗಿ ಎರಡು ವರ್ಷವಾದರೂ ಅತ್ತೆಯ ಕೈಯ ಒಂದು ರೊಟ್ಟಿಯನ್ನು ಅವಳು ಮುಟ್ಟಿರಲಿಲ್ಲ. ಅಂಬವ್ವ ಇದನ್ನು ಬಾಯಿಬಿಟ್ಟು ಆಡಿದವಳಲ್ಲ. ಸೊಸೆ ಖೋಲಿಗೆ ಬಂದಾಗ ರೊಟ್ಟಿ ಬಡಿಯುವ ಸಪ್ಪಳ ಜೋರಾಗುತ್ತಿತ್ತು, ಅಷ್ಟೆ.

ಅಂಗಡಿ-ಮುಂಗಟ್ಟುಗಳನ್ನು ಇಂಟರ್‌ನೆಟ್ಟಿನಲ್ಲಿ ನಾಲ್ಕು ಜನರ ಕಣ್ಣಿಗೆ ಬೀಳಿಸುವುದೇ ನೇತ್ರಾಳ ನೌಕರಿ. ಒಂದು ಭಾನುವಾರ ಫೋನು ಹಿಡಿದುಕೊಂಡು ಕೆಳಗೆ ಬಂದಳು.

“ಅತ್ತಿ, ನಿಮ್ಮ ದುಕಾನ್‌ದು ಪೇಜ್ ಮಾಡ್ತೀನಿ. ಬ್ಲಾಗ್ ಭೀ ಬರೀತೀನಿ. ಲೋಗ್ ದೂರ ದೂರದಿಂದ ಬರ್ತಾರೆ.”

“ಬರಲಿ ಬಿಡವಾ,” ಅಂದಳು ಅಂಬವ್ವ. “ಬಂದವ್ರು ಉಂಡು ಹೋಗ್ಲಿ.”

ಆ ಹುಡುಗಿ ಎದುರಿನಿಂದ, ಬಗಲಿನಿಂದ, ಸ್ಟೂಲು ಹತ್ತಿ ಮೇಲಿನಿಂದ ವಿಡಿಯೊ ತೆಗೆದಳು. ಹಿಟ್ಟಿಗೆ ಕುದಿನೀರು ಸುರಿಯುವುದು, ಮಿದಿಯುವುದು, ಬಡಿಯುವುದು, ಹಂಚಿನ ಮೇಲೆ ರೊಟ್ಟಿ ಹೊಟ್ಟೆ ಉಬ್ಬಿಸಿಕೊಂಡು ಏಳುವುದು. “ಅತ್ತಿ, ಏಕ್ ಬಾರ್ ಔರ್” ಎಂದು ಅದೇ ರೊಟ್ಟಿಯನ್ನು ಎಷ್ಟು ಸಲ ಉಬ್ಬಿಸಿದಳೋ. ಫೋನು ಬದಿಗಿಟ್ಟ ಮೇಲೂ ಅವಳ ಕಣ್ಣು ಹಂಚಿನ ಮೇಲೇ ಇತ್ತು. ಕೆಲಸದ ಮೇಲೆ ಎಂಥ ನಿಷ್ಠೆ ಎಂದು ನಾನು ಮೆಚ್ಚಿಕೊಂಡೆ.

ಬ್ಲಾಗಿನಲ್ಲಿ ಇಂಗ್ಲಿಷಿನಲ್ಲಿ ಬರೆದಳು. ಅಂಬವ್ವ ಏಳು ವರ್ಷದವಳಿದ್ದಾಗ ಚುಕ್ಕಿಗಳ ಬೆಳಕಿನಲ್ಲಿ ಅಜ್ಜಿಯ ಮಗ್ಗುಲಲ್ಲಿ ಕೂತು ರೊಟ್ಟಿ ಕಲಿತಳಂತೆ. ಇದು ಶುದ್ಧ ಸುಳ್ಳು. ಅವಳು ರೊಟ್ಟಿ ಕಲಿತದ್ದು ಮದುವೆಯಾದ ಮೇಲೆ, ನನ್ನ ಅವ್ವನ ಹೆದರಿಕೆಗೆ. ಚುಕ್ಕಿಯೂ ಇರಲಿಲ್ಲ, ಅಜ್ಜಿಯೂ ಇರಲಿಲ್ಲ, ಟ್ಯೂಬ್‌ಲೈಟಿತ್ತು. ಹೇಳಿದರೆ ನೇತ್ರಾ, “ಮಾವಾರ, ಅದು ಸ್ಟೋರಿಟೆಲ್ಲಿಂಗ್” ಅಂದಳು. ಓದಿದವರ ಜೊತೆ ಏನು ವಾದ ಮಾಡುವುದು!

ಎರಡು ದಿನದ ಮೇಲೆ ಬೆಳಗ್ಗೆ ಮೂರು ಮಾಳಿಗೆ ಒಂದೇ ಉಸಿರಿಗೆ ಇಳಿದು ಬಂದಳು.

“ಅತ್ತಿ! ಅಠ್ಠಾರಾ ಹಜಾರ್ ವ್ಯೂಸ್!”

“ಹಂಗಂದ್ರ?”

“ಹದಿನೆಂಟು ಸಾವಿರ ಜನ ನಿಮ್ಮ ರೊಟ್ಟಿ ನೋಡಿದ್ರು!”

“ತಿಂದವ್ರೆಷ್ಟು?”

ನೇತ್ರಾ ಬೆರಳಿನಿಂದ ಫೋನನ್ನು ಮೇಲೆ ಕೆಳಗೆ ಉಜ್ಜಿದಳು. “ಅಭೀ ತೊ... ಹನ್ನೊಂದು ಆರ್ಡರ್.”

“ಉಳಿದವ್ರು?”

“ನೋಡಿದ್ರು, ಹಾರ್ಟ್ ಕೊಟ್ರು, ಹೋದ್ರು.”

ಅಂಬವ್ವನ ಕೈ ನಿಂತಿತು. “ಬಾಯಾಗ ನೀರ ಬಂತು ಅಂತ ಯಾರರೆ ಬರದಾರೇನು?”

“ಬಹುತ್ ಲೋಗ್!” ನೇತ್ರಾ ಹಿಗ್ಗಿ ಹೀರೇಕಾಯಾಗಿ ಒಂದೊಂದನ್ನೇ ಓದಿದಳು. ಒಬ್ಬನಿಗೆ ಜೊಲ್ಲು ಸುರಿದಿತ್ತು. ಒಬ್ಬಳು ಹಾಸ್ಟೆಲಿನಲ್ಲಿ ಕೂತು ಅತ್ತಿದ್ದಳು. ಇನ್ನೊಬ್ಬ ಸ್ಕ್ರೀನನ್ನೇ ನೆಕ್ಕಬೇಕೆನ್ನಿಸಿತು ಎಂದು ಬರೆದಿದ್ದ. ಕೇಳುತ್ತ ಕೇಳುತ್ತ ಅಂಬವ್ವನ ಮುಖದ ರಕ್ತವೆಲ್ಲ ಇಳಿದುಹೋಯಿತು. ಹಂಚಿನ ಮೇಲಿದ್ದ ರೊಟ್ಟಿ ಕರಕಲಾದರೂ ಅವಳು ತಿರುವಿ ಹಾಕಲಿಲ್ಲ.

ಮರುದಿನ ಮೊದಲ ರೊಟ್ಟಿ ಅವಳ ಕೈಯಲ್ಲೇ ಹರಿಯಿತು. ಎರಡನೆಯದೂ ಹರಿಯಿತು. ಮೂವತ್ತು ವರ್ಷ ಬಡಿದ ಕೈ ಅದು. ಹಿಟ್ಟು ಹಳತಾಗಿರಬೇಕು ಎಂದು ಶರಣ ಹೊಸ ಜೋಳ ತಂದು ಬೀಸಿಸಿಕೊಂಡು ಬಂದ. ಅದೂ ಹರಿಯಿತು. ನೀರಿನ ದೋಷವಿರಬೇಕೆಂದು ನಾನು ಬಿಸ್ಲೇರಿ ಕಾಯಿಸಿ ಕೊಟ್ಟೆ. ಬಿಸ್ಲೇರಿ ರೊಟ್ಟಿಯೂ ಹರಿಯಿತು. “ವಯಸ್ಸಾತು ನಿನಗ” ಅಂದೆ. ಅವಳು ನನ್ನನ್ನು ನೋಡಿದ ರೀತಿಗೆ ಮತ್ತೆ ಆ ಮಾತು ಎತ್ತಲಿಲ್ಲ.

“ನೆದರ ಆಗೇತ್ರಿ,” ಅಂದಳು. “ಹದಿನೆಂಟ ಸಾವಿರ ಮಂದಿದು.”

ಶರಣ ವಿಡಿಯೊ ಅಳಿಸಿಬಿಡೋಣ ಅಂದ. “ಅದನ್ನ ಅಳಿಸಿದ್ರ ನೋಡಿದ ಕಣ್ಣು ಅಳೀತಾವೇನೋ?” ಎಂದು ಅವನ ಬಾಯಿ ಮುಚ್ಚಿಸಿದಳು.

ಒಬ್ಬರ ನೆದರಿಗೆ ಒಂದು ಮುಷ್ಟಿ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕುವುದು ಪದ್ಧತಿ. ಹದಿನೆಂಟು ಸಾವಿರ ಜನರ ನೆದರಿಗೆ ಎಷ್ಟು ಮುಷ್ಟಿ? ನಾನು ಬ್ಯಾಡಗಿ ಮೆಣಸಿನಕಾಯಿಯ ಚೀಲವನ್ನೇ ಹೊತ್ತು ತಂದೆ. ಅವಳು ಅದನ್ನು ಹಿಟ್ಟು ನಾದುವ ಪರಾತಕ್ಕೆ, ಹಂಚಿಗೆ, ಸೌಟಿಗೆ, ತನಗೆ, ಕೊನೆಗೆ ಬೋರ್ಡಿಗೂ ನಿವಾಳಿಸಿ ಹಿಡಿ ಹಿಡಿಯಾಗಿ ಕೆಂಡದ ಶೇಗಡಿಗೆ ಸುರಿದಳು. ಮೊದಲ ಮಾಳಿಗೆ ಕೆಮ್ಮಿತು. ಎರಡನೆಯದು ಕೆಮ್ಮಿತು. ಸೊಸೈಟಿಯ ಸೆಕ್ರೆಟರಿ ಧನರಾಜ್ ಮುಖಕ್ಕೆ ಟವೆಲು ಸುತ್ತಿಕೊಂಡು ಓಡಿ ಬಂದರು. ಉಡುಪಿ ಕಡೆಯವರು, ದಹಿಸರಿನಲ್ಲಿ ಬಹಳ ಕಾಲ ಹೋಟೆಲು ನಡೆಸಿದವರು.

“ಎಂತ ಮಾರಾಯ್ರೆ ಇದು! ನಾಲ್ಕನೇ ಮಾಳಿಗೆಯಲ್ಲಿ ನಮ್ಮ ಮನೆಯವಳಿಗೆ ಉಸಿರು ಬಿಡ್ಲಿಕ್ಕಾಗುದಿಲ್ಲ!”

ಹೊಗೆಯ ನಡುವೆ ಅಂಬವ್ವ ಮೂಗು ಅರಳಿಸಿ ನಿಂತಿದ್ದಳು. ನೆದರು ಭಾರವಾಗಿದ್ದರೆ ಮೆಣಸಿನಕಾಯಿ ಸುಟ್ಟರೂ ಘಾಟು ಬರುವುದಿಲ್ಲ ಎಂಬುದು ಅವಳ ಶಾಸ್ತ್ರ. “ಒಂಚೂರೂ ಘಾಟ ಇಲ್ಲ ನೋಡ್ರಿ ಅಣ್ಣಾರ,” ಅಂದಳು ದುಃಖದಿಂದ. “ಭಾಳ ದೊಡ್ಡ ನೆದರೈತಿ.”

“ಘಾಟಿಲ್ವಾ?” ಧನರಾಜರ ಕಣ್ಣು ಮೂಗು ಎರಡರಲ್ಲೂ ನೀರಿಳಿಯುತ್ತಿತ್ತು. ಸೀನುತ್ತ ಮೆಟ್ಟಿಲ ಮೇಲೆ ಕುಸಿದು ಕೂತರು. ಬೈಯುತ್ತಾರೆ, ನನ್ನ ಕಡೆ ಒಬ್ಬರಾದರೂ ಬುದ್ಧಿವಂತರು ಸಿಕ್ಕರು ಎಂದು ನಾನು ಖುಷಿಪಟ್ಟೆ. ಎಲ್ಲ ಕೇಳಿಸಿಕೊಂಡು ಅವರು ಗಂಭೀರವಾದರು. “ಅಕ್ಕ ಹೇಳುದು ಸರಿ ಉಂಟು. ನಮ್ಮ ಹೋಟ್ಲಲ್ಲಿ ಗ್ಲಾಸಿನ ಕಪಾಟಿನಲ್ಲಿ ಮೈಸೂರುಪಾಕು ಇಡ್ತಿದ್ದೆವಲ್ಲ, ಹೊರಗೆ ನಿಂತು ನೋಡ್ತಿದ್ದವರಿಗೆ ದಿನಾ ಚೂರು ಕೊಟ್ಟೇ ಗಲ್ಲಾಪೆಟ್ಟಿಗೆ ತೆಗೀತಿದ್ದದ್ದು ನಾನು. ನೋಡಿದವರಿಗೆ ಕೊಡ್ಲೇಬೇಕು.”

ಕರಾವಳಿಯೂ ಬಯಲುಸೀಮೆಯೂ ಒಂದಾದ ಮೇಲೆ ನನ್ನ ಮಾತು ಯಾರು ಕೇಳುತ್ತಾರೆ? ನೋಡಿದವರಿಗೆಲ್ಲ ಒಂದೊಂದು ತುತ್ತು ಕೊಡುವುದೆಂದು ತೀರ್ಮಾನವಾಯಿತು. ನೇತ್ರಾ ಪೇಜಿನಲ್ಲೂ ಬ್ಲಾಗಿನಲ್ಲೂ ಬರೆದಳು: ‘ನಮ್ಮ ರೊಟ್ಟಿ ನೋಡಿದ್ದೀರಾ? ಹಾಗಾದರೆ ದಯವಿಟ್ಟು ಬಂದು ಒಂದು ತುತ್ತು ತಿಂದು ಹೋಗಿ. ಅತ್ತೆಗೆ ತೊಂದರೆಯಾಗಿದೆ.’ ತನ್ನ ಆಫೀಸಿನಲ್ಲಿ ಇಂಥ ಐಡಿಯಾ ಯಾರಿಗೂ ಹೊಳೆದಿಲ್ಲ ಎಂದು ಅವಳ ಬಾಸ್ ಹೊಗಳಿದನಂತೆ. ಅವನು ಐಡಿಯಾ ಅಂದುಕೊಂಡಿದ್ದ, ಪಾಪ.

ಜನ ಬಂದರು. ಛತ್ರಿ ಹಿಡಿದು, ರೇನ್‌ಕೋಟ್ ಹಾಕಿ, ಮಳೆಯಲ್ಲಿ ಸಾಲು ನಿಂತರು. ಅಂಬವ್ವ ಹರಿದ ರೊಟ್ಟಿಗೆ ಬೆಣ್ಣೆ, ಶೇಂಗಾ ಹಿಂಡಿ ಹಚ್ಚಿ ಒಬ್ಬೊಬ್ಬರ ಬಾಯಿಗೂ ಇಟ್ಟಳು. ಜಗತ್ತಿನಲ್ಲಿ ಎಷ್ಟು ಥರದ ನೋಟವಿದೆ ಎಂದು ನನಗೆ ಆಗಲೇ ತಿಳಿದದ್ದು. ಒಬ್ಬ ತಾನು ಅರ್ಧ ಮಾತ್ರ ನೋಡಿದೆ, ಆಮೇಲೆ ನೆಟ್‌ವರ್ಕ್ ಹೋಯಿತು ಅಂದ. ಅವನಿಗೆ ಅರ್ಧ ತುತ್ತು. ಒಬ್ಬಾಕೆ ದಿನಾ ಮಲಗುವ ಮುಂಚೆ ಎರಡು ಸಲ ನೋಡುತ್ತಾಳಂತೆ, ಅವಳಿಗೆ ಕೂರಿಸಿ ಕೊಡಬೇಕಾಯಿತು. ಇನ್ನೊಬ್ಬ ಲೋಕಲ್ಲಿನಲ್ಲಿ ಪಕ್ಕದವನ ಫೋನಿನಲ್ಲಿ ಇಣುಕಿ ನೋಡಿದವನು. “ಕದ್ದು ನೋಡಿದ ನೆದರ ಭಾಳ ಕೆಟ್ಟದ್ದು” ಎಂದು ಅವನಿಗೆ ಮೇಲೆ ಬೆಣ್ಣೆ. ದಹಿಸರಿನಿಂದ ಬಂದವನೊಬ್ಬ ಹಾಸಿಗೆ ಹಿಡಿದ ಅತ್ತೆಯೂ ನೋಡಿದ್ದಾಳೆಂದು ಪಾರ್ಸೆಲ್ ಕೇಳಿದ. ಕಟ್ಟಿಕೊಟ್ಟೆ.

ಪರದೇಶದಲ್ಲಿ ನೋಡಿದವರಿಗೆ ಏನು ಮಾಡುವುದು? ಅಂಬವ್ವ ಅವರ ಪಾಲನ್ನು ಕಿಟಕಿಯ ಕಟ್ಟೆಯ ಮೇಲೆ ಕಾಗೆಗಿಟ್ಟಳು. ಕಾಗೆಗೆ ಇಡುವುದು ಸತ್ತವರಿಗೆ ಎಂದು ನಾನು ಕೂಗಾಡಿದೆ. ಹೌದಲ್ಲ ಎಂದು ಗಾಬರಿಯಾಗಿ, ಅವರೆಲ್ಲ ಬದುಕಿದ್ದಾರೋ ಇಲ್ಲವೋ ನೋಡು ಎಂದು ನೇತ್ರಾಳಿಗೆ ಹೇಳಿದಳು. ದುಬೈನವನೊಬ್ಬ ಅದೇ ಹೊತ್ತಿಗೆ ಕಾಮೆಂಟ್ ಹಾಕಿದ್ದನ್ನು ಕಂಡ ಮೇಲೆಯೇ ಅವಳು ನೀರು ಕುಡಿದದ್ದು. ಅಲ್ಲಿಂದ ಪರದೇಶದವರ ಪಾಲು ಪಾರಿವಾಳಗಳಿಗೆ ಹೋಯಿತು. ಪಾರಿವಾಳಕ್ಕೆ ಕಾಳು ಹಾಕಬಾರದೆಂದು ಸೊಸೈಟಿಯ ನಿಯಮವಿದೆ. ರೊಟ್ಟಿ ಕಾಳಲ್ಲ ಎಂದು ಧನರಾಜ್ ತೀರ್ಪು ಕೊಟ್ಟರು.

ತಿಂದವರು ಸುಮ್ಮನೆ ಹೋಗಿದ್ದರೆ ಎಲ್ಲ ಸರಿಹೋಗುತ್ತಿತ್ತು. ಒಬ್ಬೊಬ್ಬರೂ ತುತ್ತು ತಿನ್ನುವುದನ್ನು ವಿಡಿಯೊ ಮಾಡಿ ತಮ್ಮ ತಮ್ಮ ಪೇಜಿಗೆ ಹಾಕಿದರು. ಅದನ್ನು ಇನ್ನಷ್ಟು ಜನ ನೋಡಿದರು. ಅವರಿಗೂ ತುತ್ತು ಕೊಡಬೇಕಾಯಿತು, ಅವರೂ ವಿಡಿಯೊ ಮಾಡಿದರು. ಹದಿನೆಂಟು ಸಾವಿರ ಹೋಗಿ ಲಕ್ಷ, ಲಕ್ಷ ಹೋಗಿ ಲಕ್ಷಗಳಾದವು. ಮುಂಬೈಯ ಅರ್ಧ ಜನ ನನ್ನ ಹೆಂಡತಿಯ ರೊಟ್ಟಿಯ ಮೇಲೆ ಕಣ್ಣು ಹಾಕಿದ್ದರು. ವ್ಯಾಪಾರ ಮಾತ್ರ ಮಣ್ಣುಪಾಲಾಗಿತ್ತು. ಹಳೆಯ ಗಿರಾಕಿಗಳು ಸಾಲಿನಲ್ಲಿ ನಿಲ್ಲಲಾರದೆ ಮೂಲೆಯ ಚಪಾತಿಯವನ ಹತ್ತಿರ ಹೋದರು. ಇಂಥ ಪ್ರಸಿದ್ಧಿಯ ಮುಖಕ್ಕೆ ಬೆಂಕಿ ಹಾಕಬೇಕೆಂದು ನನಗೆ ಅನ್ನಿಸಿದ್ದು ಸುಳ್ಳಲ್ಲ.

ರೊಟ್ಟಿ ಹರಿಯುವುದು ನಿಲ್ಲಲಿಲ್ಲ. ನಾಗರಪಂಚಮಿಯ ಮುಂಚಿನ ರೊಟ್ಟಿ ಹಬ್ಬ ಹತ್ತಿರ ಬಂತು. ನಮ್ಮ ಕಡೆಯವರು ಅವತ್ತು ರೊಟ್ಟಿ ಮಾಡಿ ಮನೆಮನೆಗೆ ಹಂಚುತ್ತಾರೆ. ಮುಂಬೈಗೆ ಬಂದ ಮೇಲೆ ಬಡಿಯಲು ಬಾರದ ಮನೆಗಳಿಗೆಲ್ಲ ಅಂಬವ್ವನೇ ಗತಿ. “ಹಬ್ಬದ ಒಳಗ ಒಂದು ರೊಟ್ಟಿ ನೆಟ್ಟಗ ಏಳಲಿಲ್ಲಂದ್ರ ಹಂಚು ಭಂಗಾರ್‌ವಾಲಾಗ ಹಾಕಿ ಖೋಲಿ ಬಿಡೂಣ್ರಿ,” ಅಂದಳು. ಇಲ್ಲಿ ಭಂಗಾರ್‌ವಾಲಾ ಅಂದರೆ ಗುಜರಿಯವನು. ಸಿಟ್ಟಿನಲ್ಲಿ ಅಂದಿದ್ದರೆ ನಾನು ತಿರುಗಿ ಜಗಳವಾಡುತ್ತಿದ್ದೆ. ಮೆಲ್ಲಗೆ ಅಂದಳು. ಆ ಕೈ ಸಪ್ಪಳವಿಲ್ಲದ ಬೆಳಗನ್ನು ನಾನು ಎಂದೂ ಕಂಡವನಲ್ಲ. ನನಗೆ ನಿಜವಾಗಿ ಹೆದರಿಕೆಯಾಯಿತು.

ಹಬ್ಬದ ಹಿಂದಿನ ದಿನ ಭಾನುವಾರ. ಶಟರು ಅರ್ಧ ಇಳಿಸಿದ್ದೆವು, ಹೊರಗೆ ತುತ್ತಿನವರ ಗಲಾಟೆ. ಶರಣ ಅವರನ್ನು ತಡೆಯುತ್ತ ನಿಂತಿದ್ದ. ಒಳಗೆ ನಾನು, ಅಂಬವ್ವ, ನೇತ್ರಾ. ಅಂಬವ್ವ ತಲೆಯೆತ್ತಿದಳು.

“ಎಲ್ಲಾರಿಗೂ ಕೊಟ್ವಿ. ಎಲ್ಲಾರಕಿಂತ ಮೊದಲ ನೋಡಿದ್ದು ಯಾರು?”

ಯಾರೂ ಉತ್ತರಿಸುವ ಮುಂಚೆ ನೇತ್ರಾಳ ಕೈಯಿಂದ ಫೋನು ಇಸಿದುಕೊಂಡಳು. ಅದರ ಬೆನ್ನು ತಿರುಗಿಸಿ ನೋಡಿದರೆ ಕ್ಯಾಮೆರಾದ ಮೂರು ಕಣ್ಣು! “ಅದಕ್ಕ ನೋಡ್ರಿ,” ಎಂದು ನನ್ನ ಕಡೆ ತಿರುಗಿದಳು, “ಮುಕ್ಕಣ್ಣಂದು ಸುಮ್ನ ಬಿಡ್ತೈತೇನು?” ರೊಟ್ಟಿಯ ಮೂರು ಚೂರು ಮುರಿದು, ಬೆಣ್ಣೆಯಲ್ಲಿ ಅದ್ದಿ, ಒಂದೊಂದು ಕಣ್ಣಿಗೂ ಒಂದೊಂದು ತುತ್ತನ್ನು ಅದುಮಿ ಉಣ್ಣಿಸಿದಳು. ಆ ಫೋನಿನ ಕಂತು ಇನ್ನೂ ಮುಗಿದಿರಲಿಲ್ಲವೆಂದು ಆಮೇಲೆ ತಿಳಿಯಿತು.

ಕೈ ತೊಳೆದುಕೊಂಡು ಅಂಬವ್ವ ಹಿಟ್ಟಿನ ಮುಂದೆ ಕೂತಳು. ಬಡಿದಳು. ಅಂಗೈ ಅಗಲವಾಯಿತು, ತಾಟಿನ ಅಗಲವಾಯಿತು, ನಡುವೆ ಸೀಳಿತು.

ಅವಳು ಸೀಳಿದ ರೊಟ್ಟಿಯನ್ನು ಹಾಗೆಯೇ ಬಿಟ್ಟು ಸೆರಗಿನಿಂದ ಮುಖ ಮುಚ್ಚಿಕೊಂಡಳು. “ಮುಗೀತ್ರಿ. ಭಂಗಾರ್‌ವಾಲಾನ್ನ ಕರೀರಿ.”

ಆಗ ನೇತ್ರಾ ನೆಲ ನೋಡುತ್ತ ಅಂದಳು, “ಅತ್ತಿ, ಫೋನ್‌ಗಿಂತ ಪೆಹಲೆ ನಾನು ನೋಡಿದೆ.”

“ವಿಡಿಯೊ ತಗಿಯೂಮುಂದ?”

“ಉಸ್ ಸೇ ಭೀ ಪೆಹಲೆ. ಮದ್ವೆ ಆದ ಮರುದಿನ. ನೀವು ರೊಟ್ಟಿ, ಬದನೇಕಾಯಿ ಪಲ್ಯ ತಾಟಿನಲ್ಲಿ ಇಟ್ರಿ. ತಿನ್ನು ಅಂದ್ರಿ. ನಾನು ಬ್ಯಾಡ ಅಂದೆ.”

“ಹೌದವಾ. ಬ್ಯಾಡ ಅಂದಿ.”

“ಮಮ್ಮಿ ಹೇಳಿ ಕಳಿಸಿದ್ರು, ಅತ್ತಿ ಮನೇಲಿ ಮೊದಲನೇ ಸಲ ಬ್ಯಾಡ ಅನ್ನಬೇಕು, ಇಲ್ದಿದ್ರೆ ಹಸಿದು ಬಂದಾಳೆ ಅಂತಾರೆ. ಎರಡನೇ ಸಲ ಕೇಳಿದಾಗ ಹೂಂ ಅನ್ನಬೇಕು ಅಂತ.” ಅವಳು ಸೀಳಿದ ರೊಟ್ಟಿಯ ಕಡೆ ನೋಡಿದಳು. “ನೀವು ಎರಡನೇ ಸಲ ಕೇಳಲೇ ಇಲ್ಲ, ಅತ್ತಿ.”

ಅಂಬವ್ವ ಸೆರಗು ಇಳಿಸಿದಳು. “ಮುಂಬೈ ಹುಡುಗಿ, ಬ್ಯಾಡ ಅಂದ್ರ ಬ್ಯಾಡನಽ ಇರ್ತೈತಿ ಅಂತ ತಿಳ್ಕೊಂಡ್ನೆವಾ ನಾ.”

“ಮತ್ತ ಡಯಟ್?” ಎಂದು ನಾನು ಕೇಳಿದೆ.

“ಶರಣನಿಗೆ ಏನಾದ್ರೂ ಹೇಳಬೇಕಿತ್ತಲ್ಲ, ಮಾವಾರ. ವಿಡಿಯೊ ಎಡಿಟ್ ಮಾಡೋವಾಗ ಆ ರೊಟ್ಟಿ ಎಷ್ಟು ಸಲ ನೋಡಿದ್ನೋ. ಬಹುತ್ ಹಸಿವಾಗ್ತಿತ್ತು.”

ಎರಡು ವರ್ಷ. ಒಬ್ಬಳು ಇನ್ನೊಮ್ಮೆ ಕೇಳಲಿ ಎಂದು ಕಾದಿದ್ದಾಳೆ, ಇನ್ನೊಬ್ಬಳು ಬೇಡ ಅಂದವಳನ್ನು ಏನು ಕೇಳುವುದೆಂದು ರೊಟ್ಟಿ ಬಡಿದಿದ್ದಾಳೆ, ನಡುವೆ ನಾನೊಬ್ಬ ಎರಡೂ ಕಡೆ ಕಣ್ಣಿಲ್ಲದೆ ಕೂತಿದ್ದೇನೆ. ಲಕ್ಷಗಟ್ಟಲೆ ಜನರ ಬಾಯಿಗೆ ತುತ್ತಿಟ್ಟ ಮನೆ ನಮ್ಮದು.

ಅಂಬವ್ವ ಎದ್ದು ತಾಟು ತೊಳೆದಳು. ಹರಿದ ರೊಟ್ಟಿಯನ್ನೇ ಬೇಯಿಸಿ ಇಟ್ಟು, ಬದನೇಕಾಯಿ ಪಲ್ಯ ಬಡಿಸಿ, ಬೆಣ್ಣೆ ಹಾಕಿ ಸೊಸೆಯ ಮುಂದೆ ತಂದಿಟ್ಟಳು.

“ತಿನ್ನು.”

“ಬ್ಯಾಡ ಅತ್ತಿ,” ಅಂದಳು ನೇತ್ರಾ.

ಅಭ್ಯಾಸಬಲ, ಬಾಯಿಂದ ಬಂದುಬಿಟ್ಟಿತ್ತು. ಅವಳೇ ಗಾಬರಿಯಾಗಿ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ಅಂಬವ್ವ ಸೊಂಟಕ್ಕೆ ಕೈಯಿಟ್ಟಳು.

“ಎರಡನೇ ಸಲ ಕೇಳಾಕತ್ತೇನಿ. ತಿನ್ನು.”

“ಹೂಂ,” ಅಂದಳು ನೇತ್ರಾ.

ಅಳುತ್ತ, ನಗುತ್ತ, ಮೂಗು ಒರೆಸಿಕೊಳ್ಳುತ್ತ ತಿಂದಳು. ಡಯಟ್‌ನವಳು ಅಷ್ಟು ಹೊಡೆಯಬಲ್ಲಳೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಅಂಬವ್ವ ಹಿಟ್ಟಿನ ಮುಂದೆ ಹೋಗಿ ಕೂತಳು. ಸಪ್ಪಳ ಶುರುವಾಯಿತು. ಅಂಗೈ ಅಗಲ, ತಾಟಿನ ಅಗಲ, ಪರಾತದ ಅಗಲ. ಎಲ್ಲೂ ಸೀಳಲಿಲ್ಲ. ಹಂಚಿಗೆ ಹಾಕಿ ಮೇಲೆ ನೀರು ಸವರಿದಳು, ತಿರುವಿದಳು. ರೊಟ್ಟಿ ಹೊಟ್ಟೆ ಉಬ್ಬಿಸಿಕೊಂಡು ಎದ್ದಿತು.

“ಅರೆ!” ಎಂದು ನೇತ್ರಾ ಎಡಗೈಯಿಂದ ಫೋನಿಗೆ ಕೈ ಹಾಕಿದಳು. ಮೂರು ಕಣ್ಣಿಗೂ ಬೆಣ್ಣೆ ಮೆತ್ತಿಕೊಂಡಿತ್ತು. ಒರೆಸಿ ಮುಗಿಸುವಷ್ಟರಲ್ಲಿ ಅಂಬವ್ವ ಆ ರೊಟ್ಟಿಯನ್ನು ಮುರಿದು ಅವಳ ತಾಟಿಗೆ ಹಾಕಿಯಾಗಿತ್ತು. ನಮ್ಮ ಮೂವರ ಹೊರತು ಆ ರೊಟ್ಟಿಯನ್ನು ಯಾರೂ ನೋಡಲಿಲ್ಲ.

ರೊಟ್ಟಿ ಹಬ್ಬ ಚೆನ್ನಾಗಿ ನಡೆಯಿತು. ತುತ್ತಿನವರಿಗೆ ಅಂಬವ್ವ ಆ ಭಾನುವಾರವೇ ಶಟರೆತ್ತಿ, ಕೂತು ಉಣ್ಣುವವರು ಒಳಗೆ ಬನ್ನಿ, ಬರೀ ನೋಡುವವರು ಮನೆಗೆ ಹೋಗಿ ಎಂದು ಹೇಳಿ ಮುಗಿಸಿದಳು. ಬಹಳ ಜನ ಒಳಗೆ ಬಂದರು, ಈಗಲೂ ಬರುತ್ತಾರೆ. ಪೇಜು, ಬ್ಲಾಗು ಎರಡೂ ಇವೆ. ಆದರೆ ಅಲ್ಲಿ ರೊಟ್ಟಿ ಕಾಣುವುದಿಲ್ಲ. ಉಂಡು ಮುಗಿಸಿದ ಖಾಲಿ ತಾಟುಗಳು ಮಾತ್ರ, ಅವಕ್ಕೆ ಯಾರ ನೆದರೂ ತಾಗುವುದಿಲ್ಲ. ಎಂಥ ಹುಚ್ಚು ಜನವೋ, ಖಾಲಿ ತಾಟು ನೋಡಿಯೂ ಬಾಯಲ್ಲಿ ನೀರು ಬಂತು ಎಂದು ಬ್ಲಾಗಿನ ಕೆಳಗೆ ಬರೆಯುತ್ತಾರೆ.

ಆ ತಾಟುಗಳಲ್ಲಿ ಎಲ್ಲಕ್ಕಿಂತ ಮೊದಲಿನ ಫೋಟೊ, ಆ ಭಾನುವಾರದ್ದು, ಬೆಣ್ಣೆಯ ಮಬ್ಬಿನಲ್ಲಿದೆ. ತಾಟಿನ ಅಂಚು, ಬದನೇಕಾಯಿಯ ಒಂದು ತೊಟ್ಟು, ಅಷ್ಟೇ ಕಾಣುತ್ತದೆ. ಇದು ಯಾರ ತಾಟು ಎಂದು ಜನ ಕೇಳುತ್ತಲೇ ಇರುತ್ತಾರೆ. ಬೇರೆ ಕಾಮೆಂಟಿಗೆಲ್ಲ ನೇತ್ರಾ ಉತ್ತರ ಬರೆಯುತ್ತಾಳೆ. ಇದೊಂದಕ್ಕೆ ಮಾತ್ರ ಅಂಬವ್ವ ಹಿಟ್ಟಿನ ಕೈಯಲ್ಲೇ ಎದ್ದು ಬಂದು, ಪಕ್ಕದಲ್ಲಿ ನಿಂತು, ಪ್ರತಿ ಸಲವೂ ತಾನೇ ಹೇಳಿ ಬರೆಸುತ್ತಾಳೆ: “ನನ್ನ ಸೊಸಿದು.”